ಹಳೇ ಕಟ್ಟಡದಿಂದ ಹೊಸ ಕಟ್ಟಡಕ್ಕೆ

ಐವತ್ತಾರು ತುಂಬಿದರೂ ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 'ವಾರ್ಡ್ ಬಾಯ್' ಎಂದೇ ಇತ್ತು. "ಮೊಮ್ಮಗಳು ಶಾಲೆಗೆ ಹೋಗ್ತಾಳೆ, ನಾನಿನ್ನೂ ಬಾಯ್" ಎಂದು ಹಿಂದೆಲ್ಲ ಅವನೇ ನಗಿಸುತ್ತಿದ್ದ. ಎಲ್ಲರ ಬಾಯಲ್ಲೂ ಅವನು ಸ್ಟ್ರೆಚರ್ ಅಣ್ಣ. ವಾರ್ಡುಗಳು ಹಳೇ ಕಟ್ಟಡದಲ್ಲಿ, ಆಪರೇಷನ್ ಥಿಯೇಟರ್ ಹೊಸ ಕಟ್ಟಡದಲ್ಲಿ. ಎರಡನ್ನೂ ಕೂಡಿಸುವ ಉದ್ದನೆಯ ಕಾರಿಡಾರಿನಲ್ಲಿ ರೋಗಿಗಳನ್ನು ತಳ್ಳಿಕೊಂಡು ಹೋಗುವುದು, ತಳ್ಳಿಕೊಂಡು ಬರುವುದು, ಇಪ್ಪತ್ತೆರಡು ವರ್ಷದಿಂದ ಇದೇ ಅವನ ಕೆಲಸ. ಹಳೇ ನೆಲ ಮುಗಿದು ಹೊಸ ನೆಲ ಶುರುವಾಗುವಲ್ಲಿ ಒಂದು ಸಣ್ಣ ಏರು. ಅಲ್ಲಿ ಮುಂದಿನ ಗಾಲಿಯನ್ನು ಕೊಂಚ ಎತ್ತಿ ದಾಟಿಸಿದರೆ ಮಲಗಿದವರಿಗೆ ಕುಲುಕು ತಾಗುವುದಿಲ್ಲ. ಆ ಕೈಚಳಕ ಅವನಿಗೊಬ್ಬನಿಗೇ ಒಲಿದಿತ್ತು.

ಹಿಂದಿನ ವರ್ಷ ಅವನ ಹೆಂಡತಿ ತೀರಿಕೊಂಡಳು. ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಬೆಳಿಗ್ಗೆ ಐದೂವರೆಗೆ ಅವನು ಹೊರಟಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹತ್ತು ಗಂಟೆಗೆ ಪಕ್ಕದ ಮನೆಯವರು ಫೋನ್ ಮಾಡಿದರು. ನಡುವೆ ಯಾವಾಗ ಹೋದಳೆಂದು ಡಾಕ್ಟರಿಗೂ ಹೇಳಲಾಗಲಿಲ್ಲ. ಆ ನಾಲ್ಕೂವರೆ ಗಂಟೆಯಲ್ಲಿ ಅವನು ಮೂವರನ್ನು ಥಿಯೇಟರಿಗೆ ಬಿಟ್ಟು, ಎರಡು ಸಲ ಚಹಾ ಕುಡಿದು, ಲಿಫ್ಟಿನವನ ಜೊತೆ ಯಾವುದೋ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಅಳು ಬರಲಿಲ್ಲ. ದೂರದೂರಿನಿಂದ ಬಂದ ಮಗಳು ಭುಜ ಹಿಡಿದು ಅಲುಗಾಡಿಸಿದಳು. "ಅಪ್ಪ, ಒಂದ್ಸಲ ಅತ್ತುಬಿಡಿ."

"ಬರ್ತಿಲ್ಲ ಕಣಮ್ಮ."

ಎರಡು ವಾರ ಕಳೆದು ಕೆಲಸಕ್ಕೆ ಮರಳಿದ. ಕಲ್ಲು ಮನಸ್ಸಿನವನು ಎಂದರು ಕೆಲವರು, ಗಟ್ಟಿಗ ಎಂದರು ಕೆಲವರು. ಎರಡೂ ಅವನಿಗೆ ತಟ್ಟಲಿಲ್ಲ. ಚಹಾ ಬಿಸಿಯೋ ತಣ್ಣಗೋ ತಿಳಿಯುತ್ತಿರಲಿಲ್ಲ. ಮಂಚದ ತನ್ನ ಅರ್ಧದಲ್ಲೇ ಮಲಗುತ್ತಿದ್ದ, ಏಳುತ್ತಿದ್ದ. ಮಗಳು ಫೋನ್ ಮಾಡಿದರೆ "ಹೂಂ, ಚೆನ್ನಾಗಿದೀನಿ" ಎಂದು ಇಟ್ಟುಬಿಡುತ್ತಿದ್ದ.

ಹೀಗೆ ಹನ್ನೊಂದು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ದರ್ಜಿ ಹೆಂಗಸೊಬ್ಬಳನ್ನು ಥಿಯೇಟರಿಗೆ ಕರೆದೊಯ್ಯುತ್ತಿದ್ದ. ಅರವತ್ತರ ಮೇಲಿನ ವಯಸ್ಸು, ಹೊಟ್ಟೆಯಲ್ಲಿ ಗಡ್ಡೆ. ಅರ್ಧ ದಾರಿಗೆ ಬಂದಿದ್ದಾಗ ಥಿಯೇಟರಿನ ನರ್ಸ್ ಬಾಗಿಲು ತೆರೆದು ಕೂಗಿದಳು: "ಅಣ್ಣಾ, ಒಳಗಿನ ಕೇಸ್ ಮುಗಿದಿಲ್ಲ. ಇಪ್ಪತ್ತು ನಿಮಿಷ ಅಲ್ಲೇ ಇರಿ."

ಹಿಂದಕ್ಕೆ ಹೋಗುವಂತಿರಲಿಲ್ಲ, ವಾರ್ಡಿನ ಹಾಸಿಗೆಗೆ ಆಗಲೇ ಬೇರೊಬ್ಬರು ಬಂದಿದ್ದರು. ಅವನು ಕಿಟಕಿಯ ಪಕ್ಕ ಸ್ಟ್ರೆಚರ್ ನಿಲ್ಲಿಸಿ ಬ್ರೇಕ್ ಒತ್ತಿದ.

"ಒಳ್ಳೇದೇ ಆಯ್ತು ಬಿಡಿ," ಎಂದಳು ಆಕೆ. "ಆ ಕಡೆ ನನ್ನ ಸೊಸೆಯಂದಿರು ಅಳ್ತಾ ಕೂತಿದಾರೆ. ಈ ಕಡೆ ಡಾಕ್ಟ್ರು ಕತ್ತರಿ ಹಿಡ್ಕೊಂಡು ಕಾಯ್ತಿದಾರೆ. ಕತ್ತರಿ ನನಗೇನು ಹೊಸದಲ್ಲ, ಆದ್ರೆ ಇಷ್ಟು ದಿನ ಹಿಡಿ ನನ್ನ ಕೈಲಿತ್ತು."

ಅವನು ನಗಲಿಲ್ಲ. ಆಕೆಯ ಕಣ್ಣು ಅವನ ಅಂಗಿಯ ಮೇಲೆ ಬಿತ್ತು. "ಆ ಎರಡನೇ ಗುಂಡಿ ಯಾರು ಹಾಕಿದ್ದು? ದಾರ ಸುತ್ತಿಲ್ಲ, ನಾಳೆನೇ ಬೀಳತ್ತೆ."

"ನಾನೇ."

"ಯಾಕೆ, ಮನೇಲಿ ಯಾರಿಲ್ವಾ?"

"ಹೆಂಡ್ತಿ ಇದಾಳೆ," ಎಂದ. ಆಮೇಲೆ "ಇದ್ಲು" ಎಂದ.

ಆಕೆ ಅಯ್ಯೋ ಪಾಪ ಎನ್ನಲಿಲ್ಲ. ಸುಮ್ಮನೆ ಕಿಟಕಿಯಾಚೆ ನೋಡಿದಳು. ಅಲ್ಲಿ ನೀರಿನ ಟ್ಯಾಂಕು, ಒಣಹಾಕಿದ ಹಸಿರು ಹೊದಿಕೆಗಳು ಕಾಣುತ್ತಿದ್ದವು. "ನಾನು ಬಟ್ಟೆ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ನೇತುಹಾಕಿರ್ತೀನಲ್ಲ," ಎಂದಳು, "ಅದನ್ನ ನೋಡಿದ್ರೆ ಗಿರಾಕಿಗಳು ಹೌಹಾರ್ತಾರೆ. ತೋಳು ಒಂದು ಕಡೆ, ಕಾಲರ್ ಒಂದು ಕಡೆ. ನಮ್ಮ ಬಟ್ಟೆ ಹಾಳು ಮಾಡಿದ್ರಿ ಅಂತ ಜಗಳಕ್ಕೇ ಬರ್ತಾರೆ. ಹಾಳಾಗಿಲ್ಲ ತಾಯಿ, ಇನ್ನೂ ತಯಾರಾಗ್ತಾ ಇದೆ, ಮನೆಗೆ ಹೋಗಿ ಅಂತೀನಿ."

ಈ ಮಾತು ತನಗೆ ಹೇಳಿದ್ದೋ, ಭಯಕ್ಕೆ ಆಡಿದ್ದೋ ಅವನಿಗೆ ತಿಳಿಯಲಿಲ್ಲ. ಆಕೆಯ ಬೆರಳು ಹೊದಿಕೆಯ ಅಂಚನ್ನು ಮಡಚುತ್ತ ಬಿಡಿಸುತ್ತ ಇರುವುದು ಮಾತ್ರ ಕಾಣಿಸಿತು. ಹೊದಿಕೆಯನ್ನು ಮೇಲೆಳೆದು ಹೊದಿಸಿದ. ಇಷ್ಟು ವರ್ಷದಲ್ಲಿ ಆ ಕಾರಿಡಾರಿನಲ್ಲಿ ತಾನು ಒಮ್ಮೆಯೂ ನಿಂತಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

ಒಳಗೆ ಬಿಟ್ಟವರು ಏನಾದರೆಂದು ಯಾರನ್ನೂ ಕೇಳಬಾರದು, ಅದು ಅವನು ತನಗೇ ಹಾಕಿಕೊಂಡಿದ್ದ ಕಟ್ಟುಪಾಡು. ಅಂದು ಮೂರು ಸಲ ಹೋಗಿ ಕೇಳಿದ. ಸಂಜೆ ಆಕೆಯನ್ನು ಮರಳಿ ಕರೆತರುವಾಗ ಆಕೆಗೆ ಅರೆ ಎಚ್ಚರ, ಅರೆ ಮಂಪರು. ಕಣ್ಣು ಬಿಡದೆ ಕೇಳಿದಳು: "ಬಂದ್ವಾ?"

"ಇಲ್ಲಮ್ಮ, ದಾರೀಲಿದೀವಿ."

"ಹಂಗಾದ್ರೆ ನಿಧಾನಕ್ಕೆ ಹೋಗಿ."

ಒಂಬತ್ತನೇ ದಿನ ಆಕೆ ಮನೆಗೆ ಹೋದಳು, ಅವನಿಗೆ ಹೇಳಿಹೋಗುವಷ್ಟು ಪುರುಸೊತ್ತೂ ಇಲ್ಲದೆ, ಸೊಸೆಯಂದಿರನ್ನು ಬೈಯುತ್ತ.

ಅಲ್ಲಿಂದಾಚೆ ಅವನು ಥಿಯೇಟರಿಗೆ ಹೋಗುವ ರೋಗಿಗಳನ್ನು ಕಿಟಕಿಯ ಹತ್ತಿರ ಕೇಳತೊಡಗಿದ: "ಒಂದ್ನಿಮಿಷ ನಿಲ್ಲೋಣ್ವಾ?" ಕೆಲವರು ಬೇಡ ಎನ್ನುತ್ತಿದ್ದರು. ಕೆಲವರು ಅವನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ಹೆಡ್ ನರ್ಸಿನ ಕಣ್ಣಿಗೆ ಇದು ಬೀಳದೆ ಇರಲಿಲ್ಲ.

"ನಡುದಾರೀಲಿ ನಿಲ್ಸೋಕೆ ಇದೇನು ಬಸ್ ಸ್ಟಾಪಾ?"

"ಉಸಿರು ತಗೊಳ್ಲಿ ಅಂತ ಸಿಸ್ಟರ್."

"ಹೊತ್ತಾದ್ರೆ ಡಾಕ್ಟ್ರು ಉಗಿಯೋದು ನನಗೆ," ಎಂದು ಆಕೆ ದಡದಡ ಹೋದಳು. ಆದರೆ ಮರುದಿನದಿಂದ ರೋಗಿಯನ್ನು ಥಿಯೇಟರಿಗೆ ಕರೆತರಲು ಹೇಳುವ ಚೀಟಿ ಐದು ನಿಮಿಷ ಮುಂಚೆಯೇ ಅವನ ಕೈಗೆ ಬರತೊಡಗಿತು.

ಅವನ ಮನಸ್ಸಿನ ಜಡ್ಡು ಇಳಿಯಿತು ಎಂದರೆ ಸುಳ್ಳಾಗುತ್ತದೆ. ಮನೆ ಹಾಗೆಯೇ ಇತ್ತು, ಮಂಚವೂ. ಒಂದು ಭಾನುವಾರ ಮಧ್ಯಾಹ್ನ ಒಲೆಯ ಮೇಲೆ ನೀರಿಟ್ಟು ಕೂತಿದ್ದಾಗ ಮಗಳ ಫೋನ್ ಬಂತು. ಹೂಂ ಎಂದು ಇಡಲು ಹೋದವನು ಇಡಲಿಲ್ಲ.

"ಅವತ್ತು ನಾನು ಹೊರಟಾಗ ನಿಮ್ಮಮ್ಮ ನಿದ್ದೇಲಿದ್ಲೋ, ಎಚ್ಚರಾಗಿದ್ಲೋ, ಆಗಲೇ ಹೋಗಿದ್ಲೋ, ನಾನು ನೋಡ್ಲೇ ಇಲ್ಲ ಕಣೇ. ಚಪ್ಪಲಿ ಹುಡುಕ್ತಾ ಇದ್ದೆ."

ಮಗಳು, "ಹೇಳಿ ಅಪ್ಪ," ಎಂದಳು. ಅವನು ಹೇಳುತ್ತ ಹೋದ. ಚಪ್ಪಲಿ ಬಾಗಿಲ ಹಿಂದೆ ಸಿಕ್ಕಿದ್ದು, ಬಸ್ಸು ತಡವಾಗಿ ಬಂದಿದ್ದು, ಲಿಫ್ಟಿನವನ ಜೊತೆ ನಕ್ಕಿದ್ದು. ಒಲೆಯ ಮೇಲಿನ ನೀರು ಪೂರ್ತಿ ಇಂಗಿ ಪಾತ್ರೆ ಸೀದ ವಾಸನೆ ಬಂದಾಗ, ಒಂದು ಕೈಯಲ್ಲಿ ಫೋನ್ ಹಿಡಿದೇ ಎದ್ದುಹೋಗಿ ಒಲೆ ಆರಿಸಿದ.