ಶೂ ಹಾಕಿದ ಭೂತ

ಚಾಮರಾಜಪುರಂನ ಪೂಜಾ ಸಾಮಗ್ರಿ ಅಂಗಡಿಯೊಂದಕ್ಕೆ ಹೊಸ ಕಂಪ್ಯೂಟರ್ ಕೂರಿಸಲು ಹೋಗಿದ್ದೆ. ಅದರಲ್ಲಿದ್ದ ಸಾಫ್ಟ್‌ವೇರಿನ ಲಾಂಛನ ಒಂದು ಕೆಂಪು ಮರಿಭೂತ. ತಲೆಗೆ ಕೊಂಬು, ಕೈಯಲ್ಲಿ ತ್ರಿಶೂಲ, ಕಾಲಿಗೆ ಹಸಿರು ಶೂ. ಆನ್ ಮಾಡಿದ ತಕ್ಷಣ ಪರದೆ ತುಂಬ ನಿಂತು ನಕ್ಕಿತು.

ಹಣೆ ತುಂಬ ವಿಭೂತಿ ಹಚ್ಚಿದ್ದ ಅಂಗಡಿಯ ಒಡತಿ ಗೌರಮ್ಮ ಕನ್ನಡಕ ಏರಿಸಿ ನೋಡಿದರು. "ಇದನ್ನ ತೆಗೀರಿ. ಇಲ್ಲಾಂದ್ರೆ ಕಂಪ್ಯೂಟರ್ ವಾಪಸ್ ತಗೊಂಡೋಗಿ."

ಇಂಥ ತಕರಾರಿಗೆಂದೇ ನನ್ನ ಹತ್ತಿರ ಒಂದು ಭಾಷಣವಿದೆ. "ಇದು ಕೆಟ್ಟ ಭೂತ ಅಲ್ಲಮ್ಮಾ, ಒಳಗೆ ಕೂತು ಸದ್ದಿಲ್ಲದೆ ಕೆಲಸ ಮಾಡೋ..."

"ಭೂತ ಇದ್ರೆ ಇರ್ಲಿ ಕಣ್ರೀ. ಶಿವನ ಹಿಂದೆ ಇರೋರೆಲ್ಲ ಅವ್ರೇ ತಾನೆ? ಶೂ ಹಾಕ್ಕೊಂಡು ತ್ರಿಶೂಲ ಹಿಡ್ಕೊಂಡವ್ನಲ್ಲ, ಅದು ಸರೀನಾ?"

ಭಾಷಣ ಅಲ್ಲಿಗೇ ಬಿಟ್ಟು, ಚಿತ್ರ ತೆರೆದು, ಶೂ ಅಳಿಸಿ, ಪುಟ್ಟ ಪುಟ್ಟ ಕಾಲ್ಬೆರಳು ಬರೆದುಕೊಟ್ಟೆ. ಗೌರಮ್ಮ ಖುಷಿಯಾಗಿ ಪರದೆಗೆ ಊದುಬತ್ತಿ ಬೆಳಗಿದರು. ಗೆದ್ದೆ ಅಂದುಕೊಂಡು ಬ್ಯಾಗು ಎತ್ತುವಾಗ ಅವರ ಕಣ್ಣು ನನ್ನ ಕಾಲಿಗಿಳಿಯಿತು.

"ಭೂತಾನೇ ಶೂ ಬಿಚ್ಚಿ ನಿಂತಿದೆ. ನಿಮಗೇನಾಗಿದೆ? ದೇವ್ರ ಸಾಮಾನಿರೋ ಜಾಗ ಕಣ್ರೀ ಇದು!"

ಈಗ ರಿಪೇರಿಗೆ ಕರೆದಾಗಲೆಲ್ಲ ಅಲ್ಲಿ ನಾವಿಬ್ಬರೂ ಬರಿಗಾಲಲ್ಲೇ ಇರುತ್ತೇವೆ. ಊದುಬತ್ತಿ ಮಾತ್ರ ಅವನೊಬ್ಬನಿಗೇ.