ಸದ್ದಿನ ಮೂರನೇ ಪಾಲು

ಬೀದಿಯವರೆಲ್ಲ ಅವನನ್ನು ಸೌಂಡಣ್ಣ ಎಂದೇ ಕರೆಯುತ್ತಿದ್ದರು. ಮನೆಯ ಹಿಂಭಾಗದ ಸಣ್ಣ ಕೋಣೆಯ ಗೋಡೆಗಳಿಗೆ ಹಳೆಯ ಕಂಬಳಿ ಹೊಡೆದು, ಕಂಪ್ಯೂಟರ್ ಮುಂದೆ ಕೂತು, ಜನ ತಂದುಕೊಟ್ಟ ಧ್ವನಿಗಳನ್ನು ಸೋಸಿ ಕೊಡುವುದು ಅವನ ಕಸುಬು. ಆ ಕೋಣೆಗೆ ಹೋದರೆ ನೀರಿನಡಿ ಇಳಿದ ಹಾಗೆ. ಹೊರಗಿನ ಲೋಕ ಮೇಲೆಲ್ಲೋ ತೇಲುತ್ತಿರುತ್ತದೆ.

ಒಂದು ಸಲ ಬಂದದ್ದು ರೇಡಿಯೋದವರ ಕೆಲಸ. ಒಬ್ಬ ಅಜ್ಜಿ ಮನೆಯಲ್ಲೇ ಕೂತು ಹೇಳಿದ ಕಥೆಗಳು. ಕಥೆಯೇನೋ ಜೇನು, ಆದರೆ ಕೆಳಗೆ ಫ್ಯಾನಿನ ಗುಂಯ್, ಮೇಲೆ ಮೈಕಿನ ಸುಂಯ್. ಸೌಂಡಣ್ಣ ಮಲ್ಟಿಬ್ಯಾಂಡ್ ಎಕ್ಸ್‌ಪ್ಯಾಂಡರ್ ಎಂಬ ತಂತ್ರಾಂಶ ತೆರೆದ. ಅದು ಸದ್ದನ್ನು ಕೆಳಗಿನದು, ನಡುವಿನದು, ಮೇಲಿನದು ಎಂದು ಮೂರು ಪಾಲು ಮಾಡುತ್ತದೆ. ಒಂದೊಂದು ಪಾಲಿಗೂ ಒಂದೊಂದು ಹೊಸ್ತಿಲು. ದಾಟುವಷ್ಟು ಜೋರಿದ್ದ ಸದ್ದು ಒಳಗೆ ಬರುತ್ತದೆ. ದಾಟಲಾರದ್ದನ್ನು ಅದು ಇನ್ನಷ್ಟು ತಗ್ಗಿಸಿ ಮಲಗಿಸುತ್ತದೆ.

ಕಳಿಸಿದ ಮೊದಲ ಕಥೆ ವಾಪಸ್ಸು ಬಂತು.

"ಏನ್ರೀ ಇದು," ಎಂದರು ರೇಡಿಯೋ ಮೇಡಂ ಫೋನಿನಲ್ಲಿ. "ಅಜ್ಜಿ ಬಾಯಲ್ಲಿ ಸ-ನೂ ಇಲ್ಲ, ಶ-ನೂ ಇಲ್ಲ. ಹಲ್ಲೆಲ್ಲ ಕಿತ್ತು ಕಳಿಸಿದೀರಾ? ನಾಳೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ಬೇಕಾಗುತ್ತೆ."

ಸೌಂಡಣ್ಣ ಸ, ಶ ಇರುವ ಮೇಲಿನ ಪಾಲೊಂದನ್ನೇ ಹಾಕಿ ಹೆಡ್‌ಫೋನನ್ನು ಕಿವಿಗೊತ್ತಿಕೊಂಡ. ಪರದೆಯ ಮೇಲೆ ಹಸಿರು ಗೆರೆ ಕುಣಿಯುತ್ತಿತ್ತು. ಕಿವಿಯಲ್ಲಿ ಮಾತ್ರ ಮಂಜು ಕವಿದ ಬಯಲು. ಬಹಳ ದಿನದಿಂದ ಹೀಗೆಯೇ, ಗೆರೆ ನೋಡಿ ಅಂದಾಜಿನ ಮೇಲೆ ಗುಂಡಿ ತಿರುಗಿಸುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಕಿವಿ ಹೋದರೆ ಸೌಂಡಣ್ಣನಲ್ಲಿ ಉಳಿಯುವುದು ಬರೀ ಅಣ್ಣ.

"ಕೆಟಲ್ ಆಗಿಂದ ಕೂಗ್ತಿದೆ, ಕೇಳಿಸಲ್ವೇನ್ರೀ?" ಎಂದು ಬಾಗಿಲು ತಳ್ಳಿಕೊಂಡು ಬಂದ ಹೆಂಡತಿ ಅವನ ಮುಖ ನೋಡಿದಳು. ಆಮೇಲೆ ಹಸಿರು ಗೆರೆ ನೋಡಿದಳು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಬಿಡಿಸಿ ಹೇಳಬೇಕೆ?

"ಸರೀರಿ ಆಚೆ," ಎಂದು ಹೆಡ್‌ಫೋನ್ ಕಿತ್ತುಕೊಂಡು ತಾನು ಹಾಕಿಕೊಂಡಳು.

"ಏನ್ ಕೇಳಿಸುತ್ತೆ, ಹೇಳೇ."

"ಒಣಗಿದೆಲೆ ಮೇಲೆ ಯಾರೋ ಕಾಲಿಡೋಕೆ ಬರ್ತಾರೆ, ಇಡಲ್ಲ."

ಅವನು ಹೊಸ್ತಿಲನ್ನು ತಗ್ಗಿಸಿದ.

"ಹ್ಞಾ, ಇಟ್ಟರು! ಆದ್ರೆ ಕತ್ತರಿ ಹಾಕಿದಂಗೆ ನಿಂತುಬಿಡ್ತಾರೆ."

ಹೊಸ್ತಿಲ ಬಾಗಿಲು ದಢಕ್ಕನೆ ಬೀಳದೆ ಮೆಲ್ಲಗೆ ಮುಚ್ಚಲೆಂದು, ಸದ್ದು ಅಡಗಲು ಹಿಡಿಯುವ ಹೊತ್ತನ್ನು, ಅಂದರೆ ರಿಲೀಸನ್ನು, ಹಿಗ್ಗಿಸಿದ.

"ಈಗ ರೇಷ್ಮೆ ಎಳೆದಂಗಿದೆ." ಅವಳ ಕಣ್ಣುಗಳು ತಾವಾಗಿ ಮುಚ್ಚಿಕೊಂಡವು. "ಆದ್ರೆ ಮಧ್ಯ ಮಧ್ಯ ಏನೂ ಇಲ್ಲ ಕಣ್ರೀ, ಬಾವಿ ಥರ. ಅಜ್ಜಿ ಸತ್ತು ಸತ್ತು ಹುಟ್ತಿದಾಳೆ."

"ರೇಂಜ್ ಜಾಸ್ತಿ ಆಯ್ತು, ತೀರಾ ತಗ್ಗಿಸ್ತಿದೆ," ಎಂದು ಗೊಣಗುತ್ತ ಅದನ್ನು ಕಿರಿದು ಮಾಡಿ, ಮೂರೂ ಪಾಲನ್ನು ಕೂಡಿಸಿದ.

ಸುಂಯ್ ಪೂರ್ತಿ ಹೋಗಲಿಲ್ಲ. ದೂರದ ಊರಿಗೆ ಹೋಗಿ ಕೂತಿತು. ಅಜ್ಜಿಯ ಉಸಿರು ಅದರ ಮೇಲೆ ದೋಣಿಯಂತೆ ತೇಲಿತು. ಇದೆಲ್ಲ ಅವನು ಕಂಡದ್ದು ಹೆಂಡತಿಯ ಮುಖದಲ್ಲಿ. ಕಥೆಯಲ್ಲಿ ಹಾವು ಹರಿದಾಗ ಅವಳ ಹುಬ್ಬು ಏರಿತು, ಗಾಳಿ ಬೀಸಿದಾಗ ತಲೆ ತೂಗಿತು.

ಮರುದಿನ ಮೇಡಂ ಫೋನು. "ಅಜ್ಜಿ ಪಕ್ಕದಲ್ಲೇ ಕೂತಂಗಿದೆ ಕಣ್ರೀ! ಉಳಿದ ಕಥೆನೂ ನೀವೇ ಮಾಡಿ."

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ.

"ಮೇಡಂ, ಮೇಲಿನ ಸದ್ದು ನನಗೀಗ ಕೇಳಿಸಲ್ಲ. ಅದನ್ನ ಕೇಳಿದ್ದು ನಮ್ಮ ಮನೆಯವಳು."

ಪಕ್ಕದಲ್ಲಿ ಅಂಗಿಗೆ ಗುಂಡಿ ಹಚ್ಚುತ್ತಿದ್ದ ಹೆಂಡತಿಯ ಸೂಜಿ ನಿಂತಿತು.

"ಹಾಗಾದ್ರೆ," ಎಂದರು ಮೇಡಂ, "ಅವರನ್ನೇ ಕೇಳಿ ಹೇಳಿ, ಬಿಡುವಿದೆಯಾ ಅಂತ."

"ಬಿಡುವಿದೆಯಾ ಅಂತ ಕೇಳ್ತಿದಾರೆ," ಎಂದ ಅವನು ಹೆಂಡತಿಯತ್ತ ತಿರುಗಿ.

"ಯೋಚನೆ ಮಾಡಿ ಹೇಳ್ತಾಳಂತೆ ಅನ್ನಿ," ಎಂದಳು ಅವಳು, ಆಗಲೇ ಹೆಡ್‌ಫೋನಿಗೆ ಕೈ ಚಾಚುತ್ತ.