ಬುತ್ತಿ ತಂದವಳ ಗರ್ಭಚೀಲ

ಬಿಸಿನೀರಿನ ಚೀಲಕ್ಕೆ ಒಂದು ರಬ್ಬರ್ ವಾಸನೆ ಇರುತ್ತದಲ್ಲ, ಅದು ಕಲಬುರಗಿಯಲ್ಲೂ ಒಂದೇ, ನಾನೀಗಿರುವ ಜರ್ಮನಿಯ ಮ್ಯಾನ್‌ಹೈಮ್‌ನಲ್ಲೂ ಒಂದೇ. ಮೊನ್ನೆ ಅದನ್ನು ಕಿಬ್ಬೊಟ್ಟೆಯ ಮೇಲೆ ಇಟ್ಟುಕೊಂಡು ಸೋಫಾದಲ್ಲಿ ಬಿದ್ದುಕೊಂಡಿದ್ದಾಗ ನೆನಪಾದವಳು ಶಾಂತಾ ಚಿಕ್ಕವ್ವ, ನಮ್ಮವ್ವನ ತಂಗಿ.

ನನ್ನ ಗರ್ಭಕೋಶದಲ್ಲಿ ಗಡ್ಡೆಗಳಿವೆ. ರಕ್ತ ಹೋಗಿ ಹೋಗಿ ಟ್ರಾಮ್ ಹತ್ತುವಷ್ಟರಲ್ಲಿ ಏದುಸಿರು. ಇಲ್ಲಿನ ಡಾಕ್ಟರಮ್ಮ ಮಾತ್ರೆ ಕೊಟ್ಟು, ಇದಕ್ಕೆ ಬಗ್ಗದಿದ್ದರೆ ಗಡ್ಡೆ ಮಾತ್ರ ತೆಗೆಯೋಣ ಅಂದಳು. ಗರ್ಭಕೋಶವನ್ನೇ ತೆಗೆಯುವ ಮಾತು ಬಂದರೆ ಮೊದಲು ಇನ್ನೊಬ್ಬ ಡಾಕ್ಟರನ್ನು ಕೇಳಿಕೊಂಡು ಬಾ, ಅದು ನಿನ್ನ ಹಕ್ಕು ಅಂತಲೂ ಅಂದಳು. ನಮ್ಮವರಿಗೆ ಇದು ಕೈಲಾಗದ ಡಾಕ್ಟರ ಲಕ್ಷಣ. ಇಲ್ಲಿನ ಕನ್ನಡದ ಹೆಂಗಸರು ಬೇಸಿಗೆ ರಜೆಗೆ ಊರಿಗೆ ಹೋದಾಗ ಹಲ್ಲು, ಕನ್ನಡಕ, ಬ್ಲೌಸ್ ಹೊಲಿಸೋದು ಎಲ್ಲ ಒಂದೇ ಓಟದಲ್ಲಿ ಮುಗಿಸಿಕೊಂಡು ಬರುತ್ತಾರೆ. ನಾನೇನು ಕಡಿಮೆಯಿಲ್ಲ, ರೂಟ್ ಕೆನಾಲ್ ಮಾಡಿಸಿಕೊಂಡ ಊದಿದ ಗಲ್ಲದಲ್ಲೇ ಮದುವೆ ಊಟಕ್ಕೆ ಕೂತವಳು. ಈಗ ಆ ಸಾಲಿಗೆ ಗರ್ಭಚೀಲವೂ ಸೇರಿದೆ.

"ರಜಾಕ್ಕ ಬಂದಾಗ ತೆಗಿಸಿಬಿಡು. ಇನ್ನ ಅದನ್ನ ಇಟ್ಕೊಂಡು ಏನ್ ಮಾಡ್ತಿ?" ಅಂತ ಅವ್ವ ಫೋನಿನಲ್ಲಿ ಅಂದಳು, ಹಳೇ ಮಿಕ್ಸಿಯ ವಿಷಯ ಮಾತಾಡಿದ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಏನು ಮಾಡಲಿ, ನೀವೇ ಹೇಳಿ. ಶಾಂತಾ ಚಿಕ್ಕವ್ವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಸೊಂಟನೋವು, ಬಿಳಿಮುಟ್ಟು ಅಂತ ತೋರಿಸಿಕೊಳ್ಳಲು ಹೋದವಳಿಗೆ ಪೇಟೆಯ ಡಾಕ್ಟರು, ಗರ್ಭಚೀಲ ಇಟ್ಟುಕೊಂಡರೆ ಕ್ಯಾನ್ಸರ್ ಆಗುತ್ತದೆ ಅಂದುಬಿಟ್ಟರು. ಆ ಹೆಸರು ಕಿವಿಗೆ ಬಿದ್ದ ಮೇಲೆ ಪರೀಕ್ಷೆ ಯಾರಿಗೆ ಬೇಕು? ತೆಗೆಸಿಯೇಬಿಟ್ಟರು. ಆಕೆಯ ಅತ್ತೆಗಂತೂ ಒಳಗೊಳಗೇ ಸಮಾಧಾನ. ಮಕ್ಕಳಾಗಿವೆ, ಇನ್ನು ಸೊಸೆ ತಿಂಗಳಿಗೊಮ್ಮೆ ಹೊರಗೆ ಕೂಡುವುದಿಲ್ಲ, ಅಡಿಗೆ ನಿಲ್ಲುವುದಿಲ್ಲ. ಮದುವೆ ಮನೆಗಳಲ್ಲಿ ನಮ್ಮ ಹೆಂಗಸರು 'ಆಪರೇಷನ್ ನಿಂದಾತೇನು?' ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಕೇಳಿದವಳೂ ಹೇಳಿದವಳೂ ಹೋಳಿಗೆ ತಟ್ಟುವುದನ್ನು ನಿಲ್ಲಿಸುತ್ತಿರಲಿಲ್ಲ. ಚಿಕ್ಕವ್ವ ಆಮೇಲೆ ಚಳಿಗಾಲದಲ್ಲೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ರೊಟ್ಟಿ ಬಡಿದಳು. ಅಂಡಾಶಯವನ್ನೂ ಕಿತ್ತಿದ್ದಾರೆ ಅಂತ ಆಕೆಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. ಹಾಳಾಗಿ ಹೋಗಲಿ ಆ ಡಾಕ್ಟರು.

ನಮ್ಮೂರನ್ನಷ್ಟೇ ಬೈದರೂ ತಪ್ಪಾಗುತ್ತದೆ. ನಮ್ಮ ಕೆಳಮನೆಯ ಜರ್ಮನ್ ಅಜ್ಜಿಗೂ ಆಗಿದೆಯಂತೆ. ಮಕ್ಕಳಾದ ಮೇಲೆ ಅದೇಕೆ ಬೇಕು ಅಂತ ಆಗ ಇಲ್ಲಿನ ಡಾಕ್ಟರೂ ಅಂದಿದ್ದರಂತೆ. ಇದನ್ನು ಕೇಳಿ ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೊಂದು ದೇಶಕ್ಕೂ ಹರಡಿತು.

ಅದೇ ಸಿಟ್ಟಿನಲ್ಲಿ ಮತ್ತೆ ಅವ್ವನಿಗೆ ಫೋನ್ ಹಚ್ಚಿ, ಚಿಕ್ಕವ್ವನ ಕಥೆಯನ್ನೆಲ್ಲ ಎತ್ತಿ ಆಡಿದೆ. ನೀನೂ ತೆಗೆಸಿಕೊಂಡೆಯಲ್ಲ, ನಿನಗೇನಾಗಿತ್ತು ಅಂತ ದಬಾಯಿಸಿದೆ.

"ನಂಗೇನೂ ಆಗಿದ್ದಿಲ್ಲ," ಅಂದಳು ಅವ್ವ. "ಶಾಂತಾಗ ಬುತ್ತಿ ತಗೊಂಡು ದವಾಖಾನಿಗಿ ಹೋಗಿದ್ದೆ. ಅಕ್ಕಂದೂ ಕೂಡೇ ಮಾಡಿಬಿಡ್ತೀನಿ ಅಂದ್ರು ಡಾಕ್ಟರು. ನಿಮ್ಮಪ್ಪಗ ಕೇಳಿದ್ರು, ಅವರು ಹೂಂ ಅಂದ್ರು."

ಬುತ್ತಿ ಕೊಡಲು ಹೋದವಳನ್ನು ಮಲಗಿಸಿ ಕೊಯ್ದಿದ್ದಾರೆ, ನಾನು ಆಕೆಯ ಮೇಲೆಯೇ ಹರಿಹಾಯುತ್ತಿದ್ದೇನೆ. ದನಿ ತಗ್ಗಿಸಿ, ರಜೆಗೆ ಬರ್ತೀನಿ, ಆದರೆ ತೆಗೆಸೋದಿಲ್ಲ, ಇಲ್ಲೇ ಇನ್ನೊಬ್ಬ ಡಾಕ್ಟರ ಅಪಾಯಿಂಟ್ಮೆಂಟ್ ತೆಗೆದುಕೊಂಡು ತೋರಿಸ್ತೀನಿ ಅಂದೆ. ಮೊದಲಿನ ಡಾಕ್ಟರಿಗೆ ಸಿಟ್ಟು ಬರೋದಿಲ್ಲವೇ ಅಂತ ಅವ್ವನಿಗೆ ಗಾಬರಿ. ಆಕೆಯೇ ಹೋಗು ಅಂದಿದ್ದಾಳೆ ಅಂದೆ.

"ಹಂಗಾದ್ರ ಹೋಗಿ ಬಾ," ಅಂದಳು ಅವ್ವ. "ಅದು ಯಾತಕ್ಕಿರ್ತದ, ತೆಗದ್ರ ಏನಾಗ್ತದ, ಎಲ್ಲಾ ಕೇಳು. ಕೇಳಿ ನಂಗೂ ಹೇಳು."